ಹನ್ನೊಂದನೇ ಫೈನಲ್‌ನ ಐದು ನಿಮಿಷಗಳನ್ನು ಹಿಂದಿರುಗಿಸುವ ಬಗ್ಗೆ

ಕ್ರೀಡಾ ಚರಿತ್ರೆ ಸಂಕಲನಾ ಶಾಖೆ
ಎರಡನೇ ಮಹಡಿ, ಮೆಟ್ಟಿಲಿನ ಎಡಕ್ಕೆ
(ಬಲಕ್ಕೆ ಹೋದವರು ನೀರಿನ ಇಲಾಖೆಯಲ್ಲಿ ಸಿಕ್ಕಿಕೊಂಡರೆ ಈ ಶಾಖೆ ಹೊಣೆಯಲ್ಲ)

ಸಂಖ್ಯೆ: ಕ್ರೀಚಸಂ/ಚೆಂಡು/11/ಮರುತಿದ್ದುಪಡಿಯ ತಿದ್ದುಪಡಿ

ಸುತ್ತೋಲೆ

ವಿಷಯ: ಪ್ರಾದೇಶಿಕ ಪುರುಷರ ಕ್ಲಬ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ನ ಅಧಿಕೃತ ಚರಿತ್ರೆಯಲ್ಲಿ ಹನ್ನೊಂದನೇ ವರ್ಷದ ಪುಟ ಖಾಲಿ ಉಳಿದಿರುವುದು ಹಾಗೂ ಅದಕ್ಕೆ ಕಾರಣರಾದ ಒಬ್ಬ ಹೆಂಗಸಿನ ಕುರಿತು.

ಉಲ್ಲೇಖ: 1. ಸದರಿ ಹೆಂಗಸಿಗೆ ಬರೆದ ಪತ್ರ.
2. ನೆನಪೋಲೆ.
3. ನೆನಪೋಲೆಯನ್ನು ನೆನಪಿಸಿದ ಓಲೆ.
4. ಸದರಿಯವರ ಉತ್ತರ (ಒಂದೇ ಪದ: "ಆಗಲ್ಲ").

ಪೀಠಿಕೆ: ಚಾಂಪಿಯನ್‌ಷಿಪ್ ಆರಂಭವಾಗಿ ಮೂವತ್ನಾಲ್ಕು ವರ್ಷಗಳಾದರೂ ಅದಕ್ಕೊಂದು ಚರಿತ್ರೆ ಇಲ್ಲದಿರುವುದು ಗಮನಕ್ಕೆ ಬಂದಿದ್ದು, ಒಂದನ್ನು ತಯಾರಿಸಲು ಆದೇಶಿಸಲಾಗಿತ್ತು. ಪ್ರತಿ ಪಂದ್ಯದ ಅಂಕಪಟ್ಟಿಗೂ ಅಂಕ ಬರೆದವರ ಸಹಿ ಇರಬೇಕೆಂಬುದು ನಿಯಮ. ಮೂವತ್ನಾಲ್ಕು ವರ್ಷವೂ ಅಂಕ ಬರೆದವರು ಒಬ್ಬರೇ. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿಕೊಡುವ ಹೆಂಗಸು. ಎಲ್ಲ ಪಟ್ಟಿಗಳಿಗೂ ಸಹಿ ಹಾಕಿರುವ ಇವರು ಹನ್ನೊಂದನೇ ಫೈನಲ್‌ನ ಪಟ್ಟಿಗೆ ಮಾತ್ರ ಇಪ್ಪತ್ಮೂರು ವರ್ಷಗಳಿಂದ ಸಹಿ ಹಾಕಿರುವುದಿಲ್ಲ. ಆದ್ದರಿಂದ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಚರಿತ್ರೆಯ ಉಳಿದ ಭಾಗ ನಿರ್ವಿವಾದವಾಗಿದೆ. ಮೊದಲನೇ ವರ್ಷ ಎರಡೇ ತಂಡಗಳಿದ್ದುದರಿಂದ ಉದ್ಘಾಟನಾ ಪಂದ್ಯವೇ ಫೈನಲ್ ಆಗಿತ್ತು. ಭಾಷಣ ಮಾತ್ರ ಎರಡು ಸಲ ನಡೆಯಿತು. ಮೂರನೇ ವರ್ಷ ಚೆಂಡು ಬಳೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ಏಣಿ ಮರುದಿನ ಬಂದುದರಿಂದ ಸದರಿ ಪಂದ್ಯ ಹತ್ತೊಂಬತ್ತು ಗಂಟೆ ನಡೆಯಿತೆಂದು ಓದಿಕೊಳ್ಳತಕ್ಕದ್ದು.

2. ಅಂಕಫಲಕವು ಮೊಳೆಗೆ ತಗಡಿನ ಅಂಕಿ ನೇತುಹಾಕುವ ಮಾದರಿಯದು. ನಾಲ್ಕನೇ ವರ್ಷ ಎಡಬದಿಯ 'ಎಂಟು' ಕಾಣೆಯಾಯಿತು. ಅದೇ ವಾರ ಆಗಿನ ಕಾರ್ಯದರ್ಶಿಯವರ ಮನೆಬಾಗಿಲಿಗೆ ಮನೆಸಂಖ್ಯೆ ಎಂಟು ಬಂದುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸತಕ್ಕದ್ದಲ್ಲ.

3. ಎಡಬದಿಯ ತಂಡದ ಅಂಕದ ಕೊನೆಯ ಅಂಕಿ ಎಂಟಕ್ಕೆ ಬಂದಾಗ ಒಂಬತ್ತನ್ನೇ ನೇತುಹಾಕತಕ್ಕದ್ದು, ಮುಂದಿನ ಅಂಕ ಬಂದಾಗ ತಾನಾಗಿ ಸರಿಹೋಗುತ್ತದೆ ಎಂದು ಸಮಿತಿ ತೀರ್ಮಾನಿಸಿತು. ಪಂದ್ಯ ಎಂಟರಲ್ಲೇ ಮುಗಿದರೆ ಏನು ಗತಿ ಎಂದು ಅಂಕ ಬರೆಯುವವರು ಕೇಳಿದರು. "ಶುಭ ನುಡಿಯಮ್ಮ" ಎಂದು ಉತ್ತರಿಸಲಾಯಿತು.

4. ಏಳು ವರ್ಷ ಶುಭವೇ ನಡೆಯಿತು. ಹನ್ನೊಂದನೇ ಫೈನಲ್‌ನಲ್ಲಿ ಎಡಬದಿಗೆ ಅಂಚೆ ವಿಂಗಡಿಸುವವರ ತಂಡ, ಬಲಬದಿಗೆ ಬೇಕರಿಯವರ ತಂಡ. ಸೀಟಿ ಊದಿದಾಗ ಪುಸ್ತಕದ ಪ್ರಕಾರ ಅಂಚೆ 58, ಬೇಕರಿ 59. ಫಲಕದ ಪ್ರಕಾರ 59, 59. ಅಂಕ ಬರೆಯುವವರು ಎದ್ದು ನಿಂತು ಪುಸ್ತಕ ತೋರಿಸಿದರು. "ಅಷ್ಟು ಜನ ಕಣ್ಣಾರೆ ಕಂಡಿದ್ದನ್ನ ನಿನ್ನ ಒಂದು ಪೆನ್ಸಿಲ್ಲು ಸುಳ್ಳು ಮಾಡುತ್ತಾ? ಕೂತ್ಕೋ ತಾಯಿ" ಎಂದು ತೀರ್ಪುಗಾರರು ಆದೇಶಿಸಿದರು. ಹೆಚ್ಚುವರಿ ಐದು ನಿಮಿಷ ಆಡಿಸಿ 65–61ರಿಂದ ಅಂಚೆಯವರಿಗೆ ಕಪ್ ಕೊಡಲಾಯಿತು.

5. ಅಂಚೆ ತಂಡದ ನಾಯಕರು (ಅಡ್ಡಹೆಸರು: ಧೂಪದ ಕಡ್ಡಿ) ಅಂಕ ಬರೆಯುವವರ ಗಂಡನೆಂಬುದನ್ನು ಸಾಂದರ್ಭಿಕವಾಗಿ ನಮೂದಿಸಲಾಗಿದೆ. ಮದುವೆಯಾಗಿ ಆಗ ಎರಡು ವರ್ಷ. ಮೈದಾನದ ಆಚೆ ತುದಿಯಲ್ಲಿದ್ದ ಅವರಿಗೆ ಹೆಂಡತಿ ಎದ್ದು ನಿಂತದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವರ ಬದುಕಿನಲ್ಲಿ ಅದೊಂದೇ ಕಪ್.

6. ಮನಸ್ಸು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕಡತದ ಪೂರ್ಣತೆಗಾಗಿ ಸದರಿ ಹೆಂಗಸಿನ ಮನಸ್ಸನ್ನು ಇಲ್ಲಿ ಲಗತ್ತಿಸಲಾಗಿದೆ. ವಾರಕ್ಕೊಮ್ಮೆ ಕಪ್ ಒರೆಸುವಾಗ 'ಇವತ್ತು ಹೇಳಿಬಿಡೋಣ' ಎಂದುಕೊಳ್ಳುವುದು. ಅದರ ಹೊಳಪಿನಲ್ಲಿ ತನ್ನದೇ ಮುಖ ಸೊಟ್ಟಗೆ ಕಂಡು ಸುಮ್ಮನಾಗುವುದು. ಬಂದ ನೆಂಟರಿಗೆ ಗಂಡ ಆ ಐದು ನಿಮಿಷದ ಕಥೆ ಆರಂಭಿಸಿದರೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುವುದು. ಕಥೆಯಲ್ಲಿ ಐದು ನಿಮಿಷ ಈಗ ಮುಕ್ಕಾಲು ಗಂಟೆಯಾಗಿದ್ದು, ನೀರಿನ ಇಲಾಖೆ ಎರಡು ಬಾರಿ ವಿಚಾರಿಸಿದೆ. ಸುಮ್ಮನಿರುವುದು ಸಂಸಾರ, ಸಹಿ ಹಾಕುವುದು ಸುಳ್ಳು ಎಂಬುದು ಅವರು ತಮಗಾಗಿ ಮಾಡಿಕೊಂಡ ಉಪನಿಯಮ. ಕಪ್ ಹೋದೀತೆಂಬುದಕ್ಕಿಂತ, 'ಇಷ್ಟು ವರ್ಷ ಗೊತ್ತಿದ್ದೂ ನನ್ನ ಕುಣಿತ ನೋಡ್ತಾ ಇದ್ದೆಯಾ' ಎಂದು ಗಂಡ ಕೇಳಿಯಾರೆಂಬುದೇ ಅವರ ಭಯ.

7. ಸಹಿ ಪಡೆಯಲು ಈ ಶಾಖೆಯ ಪರಿವೀಕ್ಷಕರು ಕಳೆದ ಭಾನುವಾರ ಬೆಳಿಗ್ಗೆ ಮನೆಗೆ ಭೇಟಿ ನೀಡಿದರು. ವರದಿಯ ಸಾರಾಂಶ:

ಪರಿವೀಕ್ಷಕರು: "ಅಮ್ಮಾ, ಒಂದು ಗೀಟು ಎಳೆದುಬಿಡಿ. ಯಾರು ನೋಡ್ತಾರೆ?"

ಹೆಂಗಸು: "ಹತ್ತು ಮಾತ್ರೆ ಬರೆದುಕೊಟ್ಟ ಚೀಟಿಗೆ ಹನ್ನೊಂದು ಕೊಟ್ಟು, ಯಾರು ನೋಡ್ತಾರೆ ಅನ್ನೋದಕ್ಕಾಗುತ್ತೇನಪ್ಪಾ?"

ಆಗ ಪಕ್ಕದ ಕೋಣೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನಾಯಕರು, ಕರೆಯದೆಯೇ, ಒಂದು ಕಾಲಿಗೆ ಮಾತ್ರ ತಿಕ್ಕಿದ ಸ್ಥಿತಿಯಲ್ಲಿ ಹಾಜರಾದರು.

ನಾಯಕರು: "ಅವತ್ತು ಯಾಕೆ ಎದ್ದು ನಿಂತೆ ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ರೆ ನೀನು ಹೇಳಿಬಿಡ್ತೀಯ ಅಂತ ಹೆದರಿಕೆ. ಈಗ ಹೇಳೇ. ನಮ್ದು ಎಷ್ಟಿತ್ತು?"

ಹೆಂಗಸು: "ಐವತ್ತೆಂಟು ಕಣ್ರೀ."

ನಾಯಕರು: "ಪಕ್ಕಾನಾ?"

ಹೆಂಗಸು: "ನಾನು ಎಣಿಸಿದ್ದು."

ಪರಿವೀಕ್ಷಕರು ಗೋಡೆಯ ಕ್ಯಾಲೆಂಡರನ್ನು ಡಿಸೆಂಬರ್‌ವರೆಗೆ ಓದಿ ಮುಗಿಸಿದರು. ನಂತರ ನಾಯಕರು, "ಹಂಗಾದ್ರೆ ಒಂದೇ ಒಂದು ಅಂಕಕ್ಕೆ ಸೋತ್ವಿ. ಅದೂ ಬೇಕರಿಯವರಂಥ ಬೇಕರಿಯವರ ಹತ್ರ. ಪರವಾಗಿಲ್ಲ, ಮರ್ಯಾದೆ ಸೋಲೇ" ಎಂದು ಹೇಳಿಕೆ ನೀಡಿದರು. ಹೆಂಗಸು ನಗಲು ಹೋಗಿ ಅತ್ತರೋ, ಅಳಲು ಹೋಗಿ ನಕ್ಕರೋ ವರದಿಯಲ್ಲಿ ಸ್ಪಷ್ಟವಿಲ್ಲ. ಪರಿವೀಕ್ಷಕರಿಂದ ವಿವರಣೆ ಕೇಳಲಾಗಿದೆ.

8. ಸದರಿಯವರು ಅಲ್ಲಿಯೇ, ಪರಿವೀಕ್ಷಕರು ತಂದಿದ್ದ ಅಂಕಪಟ್ಟಿಯಲ್ಲಿನ 65–61ನ್ನು ಹೊಡೆದುಹಾಕಿ, 58–59 ಎಂದು ಬರೆದು, ಪೂರ್ಣ ಸಹಿ ಮಾಡಿದರು. ಸಹಿ ಅಧಿಕೃತವಾಗಿರುವುದರಿಂದ ಚರಿತ್ರೆ ಬದಲಾಗಿದೆ.

9. ಹೀಗಾಗಿ ಹೆಚ್ಚುವರಿ ಐದು ನಿಮಿಷಗಳು ನಡೆದೇ ಇಲ್ಲವೆಂದು ಘೋಷಿಸಲಾಗಿದ್ದು, ಅವುಗಳನ್ನು ಪಡೆದ ಎಲ್ಲರೂ ಹಿಂದಿರುಗಿಸತಕ್ಕದ್ದು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎರಡೂ ತಂಡಗಳು ಅಂದಿನ ಸಮವಸ್ತ್ರದಲ್ಲಿ (ಹೊಟ್ಟೆ ಹಿಡಿಸಿದಷ್ಟು ಭಾಗ ಮಾತ್ರ ಕಡ್ಡಾಯ) ಮೈದಾನಕ್ಕೆ ಬಂದು, ತಮ್ಮ ತಮ್ಮ ಜಾಗದಲ್ಲಿ ನಿಂತು, ಐದು ನಿಮಿಷ ಆಡದೆ ಇರತಕ್ಕದ್ದು. ಈ ಅವಧಿಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಬುಟ್ಟಿ ಹೊಡೆದರೆ ಅದನ್ನು ಕಳೆಯಲಾಗುವುದು.

10. ಅಂದಿನ ಪ್ರೇಕ್ಷಕರೂ ಬಂದು ತಾವು ಹಾಕಿದ ಕೂಗುಗಳನ್ನು ವಾಪಸ್ ಪಡೆಯತಕ್ಕದ್ದು. ಗಂಟಲು ಸರಿಯಿಲ್ಲದವರು ಲಿಖಿತವಾಗಿ ಪಡೆಯಬಹುದು.

11. ಕಪ್ ಹಸ್ತಾಂತರಕ್ಕೆ ಮೂರು ಪ್ರತಿಗಳ ಅರ್ಜಿ, ತೂಕದ ಪ್ರಮಾಣಪತ್ರ ಮತ್ತು ಹಿಡಿಕೆಗಳೆರಡರ ಬಿಡಿ ಭಾವಚಿತ್ರ ಅಗತ್ಯ. ನಾಯಕರು ಇವ್ಯಾವುದನ್ನೂ ಸಲ್ಲಿಸದೆ, ಕಪ್ಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಹೊಸಿಲಲ್ಲಿ ನಿಂತು "ಬರ್ತೀಯೇನೇ? ಒಬ್ಬನೇ ಹೋದ್ರೆ ಆ ಬೇಕರಿಯವನು ನನ್ನ ಬೇಯಿಸಿಬಿಡ್ತಾನೆ" ಎಂದು ಕೇಳಿದ್ದು ನಿಯಮಬಾಹಿರ. ಹೆಂಗಸು ಚಪ್ಪಲಿ ಮೆಟ್ಟಿದರು. ಇಬ್ಬರೂ ಕಪ್ಪಿನ ಒಂದೊಂದು ಹಿಡಿಕೆ ಹಿಡಿದು ಬೀದಿಯುದ್ದಕ್ಕೂ ನಡೆದು ಹೋದದ್ದನ್ನು ದಾಖಲಿಸಲು ಈ ಶಾಖೆಯಲ್ಲಿ ಯಾವುದೇ ನಮೂನೆ ಇರುವುದಿಲ್ಲ.

(ಸಹಿ/-)
ಸಹಾಯಕ ಚರಿತ್ರಾಧಿಕಾರಿ
(ಮುಖ್ಯ ಚರಿತ್ರಾಧಿಕಾರಿಗಳ ಪರವಾಗಿ, ಅವರಿಗೆ ತಿಳಿಯದಂತೆ)

ಪ್ರತಿಗಳು:

ಬೇಕರಿ ತಂಡದ ನಾಯಕರಿಗೆ. ಕಪ್ಪಿನಲ್ಲಿ ಬಿಸ್ಕತ್ತು ತುಂಬಿಸಬಾರದು. ತುಂಬಿಸಿದ್ದಲ್ಲಿ ಈ ಶಾಖೆಯ ಪಾಲು ಕಳುಹಿಸುವುದು.

ಅಂದಿನ ತೀರ್ಪುಗಾರರಿಗೆ. ಅವರೂ ಕೂತುಕೊಳ್ಳುವ ಸಲುವಾಗಿ.

ನೀರಿನ ಇಲಾಖೆಗೆ. ಸದರಿ ಮನೆಯ ಬಳಕೆ ಇಳಿಯುವ ನಿರೀಕ್ಷೆ ಇದೆ.

ಅಂಚೆ ತಂಡದ ನಾಯಕರಿಗೆ. ಕನ್ನಡಕ ಸಿಗದಿದ್ದಲ್ಲಿ ಹೆಂಡತಿಯವರು ಓದಿ ಹೇಳತಕ್ಕದ್ದು. ಓದುವಾಗ ಇಬ್ಬರೂ ನಗಬಾರದೆಂದು ಈ ಮೂಲಕ ಕೋರಲಾಗಿದೆ.