ಡ್ರಿಲ್ ಮೇಷ್ಟ್ರ ಎಡಗಾಲು

ಗೊತ್ತಿಲ್ಲದ ವಿದ್ಯೆಯಿಂದ ಮನುಷ್ಯನಿಗೆ ಅಷ್ಟೇನೂ ಕೇಡಾಗುವುದಿಲ್ಲ. ನನಗೆ ಪಿಟೀಲು ಬಾರಿಸಲು ಬರುವುದಿಲ್ಲ. ಇದುವರೆಗೆ ಪಿಟೀಲಿನಿಂದ ನನಗೆ ಯಾವ ತೊಂದರೆಯೂ ಆಗಿಲ್ಲ. ಆದರೆ ಕಾಲಿಗೆ ಪಟ್ಟಿ ಸುತ್ತುವುದು ಚೆನ್ನಾಗಿ ಬರುತ್ತದೆ. ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರು. ಗಂಜಿ ಹಾಕಿದ ಖಾಕಿ ಚಡ್ಡಿ, ಬೂಟು, ಪಾದದ ಮೇಲಿನ ಹರಡಿನಿಂದ ಮೊಣಕಾಲಿನವರೆಗೆ ಪೊಲೀಸರು ಸುತ್ತುವಂಥ ಖಾಕಿ ಪಟ್ಟಿ, ಬಾಯಲ್ಲೊಂದು ಸೀಟಿ, ಇಷ್ಟೇ ನನ್ನ ಪಾಂಡಿತ್ಯ. ಬೇರೆ ಮೇಷ್ಟ್ರುಗಳಿಗೆ ಕುರ್ಚಿಯುಂಟು. ನನ್ನದು ನಿಂತೇ ಸಂಪಾದಿಸುವ ಅನ್ನ.

ಆ ಅನ್ನಕ್ಕೇ ಕಲ್ಲು ಬಿತ್ತು. ಎಡಗಾಲಿನ ಹರಡಿನ ಮೇಲೆ, ಒಳಮಗ್ಗುಲಲ್ಲಿ, ಮೊದಲು ತುರಿಕೆ, ಆಮೇಲೆ ಕಪ್ಪು, ಆಮೇಲೆ ಅಡಿಕೆಯಷ್ಟು ಗಾತ್ರದ ಹುಣ್ಣು. ಸಂಜೆಯಾದರೆ ಕಾಲು ಊದಿ, ನರಗಳು ಗಂಟುಗಂಟಾಗಿ ಎದ್ದು ನಿಲ್ಲುತ್ತಿದ್ದವು. ನಮ್ಮೂರು ಚಂದಕವಾಡಿಯಲ್ಲಿ ನಮ್ಮಪ್ಪನಿಗೂ ಇದೇ ಜಾಗದಲ್ಲಿ ಇದೇ ಹುಣ್ಣಿತ್ತು. ಸೊಪ್ಪು ಅರೆದು ಕಟ್ಟಿದರು, ಬೂದಿ ಹಾಕಿದರು, ಹರಕೆ ಹೊತ್ತರು. ಕೊನೆಗೆ ಅವರು ಜಗಲಿಯ ಮೇಲೆ ಮಲಗಿ, ಆ ಕಾಲಿನ ವಾಸನೆಯಲ್ಲೇ ಸತ್ತರು. ಅವರ ಆಸ್ತಿ ಪಾಲಾದಾಗ ಅಣ್ಣನಿಗೆ ಹೊಲ ಬಂತು, ನನಗೆ ಕಾಲು ಬಂತು. ತಮಾಷೆಗೆ ಹೀಗೆ ಬರೆಯುತ್ತಿದ್ದೇನೆ. ಆಗ ನನಗೆ ಜೀವ ಹಾರಿಹೋಗುವಷ್ಟು ಹೆದರಿಕೆಯಾಗಿತ್ತು.

ನನ್ನ ಹೆಂಡತಿ ನಂಜಮ್ಮ ಗಲಾಟೆ ಮಾಡಿ ನನ್ನನ್ನು ಚಾಮರಾಜನಗರದ ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ಹೆಬ್ಬೆರಳಿನಿಂದ ಕಾಲನ್ನು ಒತ್ತಿದರು. ಗುಳಿ ಬಿತ್ತು, ಬಿದ್ದದ್ದು ಏಳಲಿಲ್ಲ. "ಕೆಳಗಿಳಿದ ರಕ್ತ ಮೇಲಕ್ಕೆ ಹತ್ತುತ್ತಿಲ್ಲ ಮೇಷ್ಟ್ರೇ. ಬರೀ ಮುಲಾಮು ಸಾಲದು, ಒತ್ತಿ ಕಟ್ಟಬೇಕು. ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮುಂಚೆಯೇ ಕಟ್ಟಿ. ನಡೆಯಿರಿ, ಇಲ್ಲ ಕಾಲು ಎತ್ತರಕ್ಕಿಟ್ಟು ಮಲಗಿ. ನಿಲ್ಲಬೇಡಿ. ಹುಣ್ಣು ಹೀಗೇ ಬೆಳೆದರೆ ಕಾಲು ತೆಗೆಯುವ ಮಾತು ಬರುತ್ತದೆ," ಎಂದರು. ಡ್ರಿಲ್ ಮೇಷ್ಟ್ರಿಗೆ ನಿಲ್ಲಬೇಡ ಎನ್ನುವುದು, ಪುರೋಹಿತರಿಗೆ ಬಾಯಿ ತೆರೆಯಬೇಡಿ ಎಂದ ಹಾಗೆ. ಎಳೆದರೆ ಹಿಗ್ಗುವ ಬಟ್ಟೆಯ ಬ್ಯಾಂಡೇಜನ್ನು ಕೈಗೆತ್ತಿಕೊಂಡು ಅವರು ಸುತ್ತುವ ಕ್ರಮ ತೋರಿಸಲು ಹೊರಟರು. ನಾನು ಬಲಗಾಲಿನ ಖಾಕಿ ಪಟ್ಟಿಯನ್ನು ಮುಂದೆ ಚಾಚಿ, "ನನಗೆ ಇದನ್ನು ಹೇಳಿಕೊಡಬೇಕೇ ಸಾರ್?" ಎಂದೆ. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ನನ್ನ ಪಟ್ಟಿಯ ಅಂದ ನೋಡಿ, ನಂಬಿ, ಬ್ಯಾಂಡೇಜನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

ಖಾಕಿ ಪಟ್ಟಿ ಕಟ್ಟುವುದಕ್ಕೆ ಒಂದು ರೀತಿಯಿದೆ. ಪಾದ ಬೂಟಿನೊಳಗಿರುತ್ತದೆ, ಅದರ ಗೊಡವೆ ಬೇಡ. ಹರಡಿನ ಹತ್ತಿರ ಸಡಿಲವಾಗಿ ಶುರುಮಾಡಿ, ಮೇಲೆ ಹೋದಂತೆ ಬಿಗಿಯುತ್ತ, ಮೊಣಕಾಲಿನ ಕೆಳಗೆ ಉಸಿರು ಬಿಗಿಹಿಡಿದು ಎಳೆದು ಗಂಟು ಹಾಕಬೇಕು. ಕವಾಯತಿನ ಮಧ್ಯೆ ಪಟ್ಟಿ ಜಾರಿದರೆ ಮಾನ ಹೋದಂತೆ. ಬ್ಯಾಂಡೇಜನ್ನೂ ಹಾಗೆಯೇ ಕಟ್ಟಿದೆ. ಜಾರಲಿಲ್ಲ. ಕೆಲವೇ ದಿನಗಳಲ್ಲಿ ಪಾದ ಊದಿಕೊಂಡು ಹಲಸಿನ ಹಣ್ಣಿನಂತಾಯಿತು.

"ಮೇಲ್ಗಡೆ ಅಷ್ಟೊಂದು ಬಿಗೀತಿದ್ದೀರಲ್ಲ, ಕೆಳ್ಗೆ ಹೆಂಗ್ ಊದ್ಕಂಡದೆ ನೋಡಿ. ವಸಿ ಸಡ್ಲ ಮಾಡಿ," ಎಂದಳು ನಂಜಮ್ಮ.

"ನೀನು ಮುದ್ದೆ ನೋಡ್ಕೊ," ಎಂದೆ. ಪಾದ ಬೂಟಿನೊಳಗೆ ಹೋಗಲಿಲ್ಲ. ಬ್ಯಾಂಡೇಜು ಸಡಿಲ ಮಾಡುವ ಬದಲು ನಾನು ಬೂಟನ್ನೇ ಕೊಯ್ದೆ.

ಅಷ್ಟರಲ್ಲಿ ಸ್ಕೂಲಿಗೆ ಇನ್ಸ್‌ಪೆಕ್ಟರು ಬಂದರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮೈದಾನದಲ್ಲಿ ಕಂಬದ ಹಾಗೆ ನಿಂತೆ. ಸಂಜೆ ಮನೆಗೆ ಬಂದು ಬೂಟು ಕಳಚಿದರೆ ಕಾಲಿನಲ್ಲಿ ಅಷ್ಟು ದಿನದ ನೋವೇ ಇಲ್ಲ. ಹಿಸುಕಿ ನೋಡಿದೆ, ಚಿವುಟಿ ನೋಡಿದೆ, ಏನೂ ಇಲ್ಲ. "ನಂಜಮ್ಮ, ವಾಸಿಯಾಗ್ತಾ ಇದೆ ಕಣೆ," ಎಂದು ಕೂಗಿದೆ. ಅವಳು ದೀಪ ತಂದು ಬಗ್ಗಿ ನೋಡಿದಳು. ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಅವಳು ಬ್ಯಾಂಡೇಜು ಬಿಚ್ಚಿ ಎಸೆದು, ಮಾರ್ಕೆಟ್ಟಿನಲ್ಲಿ ಹೊರಟು ನಿಂತಿದ್ದ ಈರುಳ್ಳಿ ಲಾರಿಯೊಂದನ್ನು ಗೊತ್ತುಮಾಡಿ, ನನ್ನನ್ನು ಮೂಟೆಗಳ ಮೇಲೆ ಮಲಗಿಸಿಕೊಂಡು ಚಾಮರಾಜನಗರಕ್ಕೆ ಕರೆದೊಯ್ದಳು. ದಾರಿಯುದ್ದಕ್ಕೂ ಅಪ್ಪನ ಜಗಲಿ ನನ್ನ ಕಣ್ಣ ಮುಂದೆಯೇ ಇತ್ತು.

ಮೊಣಕಾಲಿನ ಕೆಳಗೆ ಬಳೆಯಂತೆ ಬಿದ್ದಿದ್ದ ಗುರುತನ್ನು ನೋಡಿ ಡಾಕ್ಟರು, "ಇದನ್ನು ಯಾರು ಕಟ್ಟಿದ್ದು?" ಎಂದರು. ನಾನು ಗೋಡೆ ನೋಡಿದೆ. ದೊಡ್ಡವರ ಮುಂದೆ ಎಂದೂ ಬಾಯಿಬಿಡದ ನಂಜಮ್ಮ, "ಇವ್ರೇ ಕಟ್ಕಂಡ್ರು ಸ್ವಾಮಿ. ಇವ್ರಿಗೆ ಬತ್ತದಂತೆ," ಎಂದಳು.

ಬೆರಳುಗಳು ಎರಡೂ ಹೋದವು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಬಹಳ ದಿನ ಹೇಳಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ನನ್ನ ಎತ್ತಿಟ್ಟ ಕಾಲು ಸರಿಯಾಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೇ ಇತ್ತು. ದೇವರಿಗೆ ಪಾದ ತೋರಿಸಿಕೊಂಡೇ ಆ ಪಾದ ಉಳಿಸಪ್ಪಾ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಮಂಚ ತಿರುಗಿಸಲು ಜಾಗವಿರಲಿಲ್ಲ. "ಸ್ವಾಮೀನೂ ವಸಿ ನೋಡ್ಲಿ ಬುಡಿ," ಎಂದಳು ನಂಜಮ್ಮ. ಡಾಕ್ಟರು ಈ ಸಲ ಬ್ಯಾಂಡೇಜು ಕಟ್ಟುವುದನ್ನು ಅವಳಿಗೆ ಕಲಿಸಿದರು: ಬೆರಳಿನ ಬುಡದಿಂದ ಶುರು, ಹಿಮ್ಮಡಿ ಬಿಡಬಾರದು, ಹರಡಿನಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ನನ್ನನ್ನು ನೋಡಿ, "ನೀವು ಮಾತ್ರ ಕೈ ಹಾಕಬೇಡಿ," ಎಂದರು.

ಕಾಲು ಉಳಿಯಿತು. ಹುಣ್ಣು ನಿಧಾನವಾಗಿ ಮುಚ್ಚಿ, ಈರುಳ್ಳಿ ಸಿಪ್ಪೆಯಂಥ ತೆಳು ಚರ್ಮ ಬಂದಿದೆ. ಈಗ ನಾನು ಡ್ರಿಲ್ಲನ್ನು ನಿಂತು ಮಾಡಿಸುವುದಿಲ್ಲ, ಹುಡುಗರ ಜೊತೆ ಕುಂಟುತ್ತ ನಡೆಯುತ್ತೇನೆ. ಸಾಲಿನಲ್ಲಿ ಇಬ್ಬರು ಬಾರದಿದ್ದರೆ "ಸಂದು ಮುಚ್ಚಿ" ಎಂದು ಕೂಗುತ್ತೇನೆ, ಉಳಿದವರು ಸರಿದು ಮುಚ್ಚುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ನಂಜಮ್ಮ ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡು ಕೂರುತ್ತಾಳೆ. ಬೆರಳಿಲ್ಲದ ಕಡೆ ಹತ್ತಿ ಇಡುತ್ತಾಳೆ. ಉಳಿದ ಮೂರು ಇದ್ದಲ್ಲೇ ಇವೆ, ಒಂದಿಷ್ಟೂ ಸರಿದಿಲ್ಲ. ನಾನು ಆ ಸಂದನ್ನೇ ನೋಡುತ್ತಿರುತ್ತೇನೆ.

"ಅಲ್ಲೇನ್ ನೋಡೀರಿ, ಕಾಲ್ ನೆಟ್ಗೆ ಮಡಗಿ," ಎನ್ನುತ್ತಾಳೆ.

ನೆಟ್ಟಗೆ ಇಡುತ್ತೇನೆ.