ಸಾಹೇಬರ ಹಿಂದಿನ ಸೀಟು

ಕೆಸರು ಒಣಗಿದರೆ ತಾನೇ ಉದುರಿಹೋಗುತ್ತದೆ ಎನ್ನುವುದು ಮೈಮೇಲೆ ಕೆಸರು ಬೀಳದವರು ಹೇಳುವ ಮಾತು. ಕಡತಣ್ಣನನ್ನು ಕೇಳಿ ನೋಡಿ. ಅವನ ಮೇಲೆ ಬಿದ್ದ ಕೆಸರು ಇಪ್ಪತ್ತಮೂರು ವರ್ಷವಾದರೂ ಉದುರಿರಲಿಲ್ಲ. ಪ್ಯಾಂಟಿನಿಂದ ಹೋಗಿತ್ತು, ನಿಜ. ಹೆಂಡತಿ ಸೋಪು ಹಾಕಿ ಕುಕ್ಕಿ ಕುಕ್ಕಿ ತೆಗೆದಿದ್ದಳು. ಹೊಟ್ಟೆಯೊಳಗೆ ಹೋಗಿ ಕೂತದ್ದನ್ನು ತೆಗೆಯುವ ಸೋಪು ಮಾತ್ರ ಇನ್ನೂ ಅಂಗಡಿಗೆ ಬಂದಿಲ್ಲ.

(ಕಡತಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಯ ದಾಖಲೆ ಕೋಣೆಯಲ್ಲಿ ಯಾವ ಕಡತ ಯಾವ ಮೂಲೆಯಲ್ಲಿ ಧೂಳು ತಿನ್ನುತ್ತಿದೆ ಎಂದು ಬಲ್ಲ ಏಕೈಕ ಜೀವಿ ಇವನಾದ್ದರಿಂದ ಕಚೇರಿಯವರು ಕೊಟ್ಟ ಬಿರುದು. ಬಡ್ತಿ ಕೊಡುವುದಕ್ಕಿಂತ ಬಿರುದು ಕೊಡುವುದು ಸುಲಭ.)

ಸಂಗತಿ ಇಷ್ಟು. ಕಚೇರಿಯ ಗೇಟಿನಿಂದ ನೂರು ಹೆಜ್ಜೆ ದೂರದಲ್ಲಿ ಬಸ್ ಸ್ಟಾಪು. ಸ್ಟಾಪಿನ ಮುಂದೆ ಒಂದು ಗುಂಡಿ. ಗುಂಡಿಯ ಕೆಳಗೆ ಒಡೆದ ನೀರಿನ ಪೈಪು. ಹಾಗಾಗಿ ಮಳೆಯಿರಲಿ ಬಿಸಿಲಿರಲಿ, ಆ ಗುಂಡಿಗೆ ಬರಗಾಲವೆಂಬುದೇ ಇರಲಿಲ್ಲ. ಸಂಜೆ ಐದೂವರೆಗೆ ಸರಿಯಾಗಿ ದೊಡ್ಡ ಸಾಹೇಬರ ಕಾರು ಆ ದಾರಿಯಲ್ಲಿ ಬರುತ್ತಿತ್ತು. ಉದ್ದನೆಯ ಕಪ್ಪು ವಿದೇಶಿ ಕಾರು. ಒಂದು ದಿನವಾದರೂ ಗುಂಡಿಯ ಹತ್ತಿರ ನಿಧಾನ ಮಾಡಿದ್ದು ಕಾಣೆ. ಸರ್ರನೆ ನೀರು ಹಾರುತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಸಾಹೇಬರ ಪಕ್ಕದ ಗ್ಲಾಸು ಚೂರೂ ಸದ್ದಿಲ್ಲದೆ ಮೇಲೇರುತ್ತಿತ್ತು. ನೀರು ಬಿದ್ದದ್ದಕ್ಕಿಂತ ಆ ಗ್ಲಾಸು ಏರುತ್ತಿದ್ದ ನಯ ನೋಡಿ ಕಡತಣ್ಣನ ಹೊಟ್ಟೆ ಉರಿಯುತ್ತಿತ್ತು.

ಆ ಕೆಸರಿನಲ್ಲಿ ಅವನಿಗೊಬ್ಬ ಪಾಲುದಾರನಿದ್ದ. ಟಪಾಲು ವಿಭಾಗದ ಗುಮಾಸ್ತ. ಎಲ್ಲರೂ ಟಪಾಲು ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ಬಸ್ಸಿಗೆ ಕಾದು, ಒಂದೇ ನೀರಿನಲ್ಲಿ ನೆನೆದು, ಒಂದೇ ಬೈಗುಳವನ್ನು ಹಂಚಿಕೊಂಡವರು. ಇಡೀ ಕಚೇರಿಯಲ್ಲಿ ಕಡತಣ್ಣನಿಗೆ ಗೆಳೆಯ ಎಂದು ಹೇಳಿಕೊಳ್ಳಲು ಇದ್ದವನು ಅವನೊಬ್ಬನೇ.

ಸಾಹೇಬರು ನಿವೃತ್ತರಾದರು. ಕಾರು ಶೆಡ್ಡು ಸೇರಿತು. ಕೊನೆಗೊಂದು ದಿನ ಮುರುಕು ಕುರ್ಚಿ, ಒಡಕು ಬೀರುಗಳ ಜೊತೆ ಅದನ್ನೂ ಹರಾಜಿಗಿಟ್ಟರು. ಕಡತಣ್ಣನಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಗುಜರಿಯವನಿಗಿಂತ ಹೆಚ್ಚು ಬೆಲೆ ಕೂಗಿ ಕಾರನ್ನು ಗೆದ್ದೇಬಿಟ್ಟ. ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ಟಪಾಲುವಿನ ಭುಜದ ಮೇಲೆ ಕೈಯಿಟ್ಟು ಹೇಳಿದ:

"ನನ್ನ ಬೀಳ್ಕೊಡುಗೆ ದಿನ ಈ ಕಾರಲ್ಲೇ ಬರ್ತೀನಿ ಕಣೋ. ಸಾಹೇಬ್ರು ಕೂರ್ತಿದ್ದ ಜಾಗದಲ್ಲೇ ಕೂತು ಬರ್ತೀನಿ. ವಾಪಸ್ ಹೋಗೋವಾಗ ನೀನು ಇಲ್ಲೇ ನಿಂತಿರು, ಇದೇ ಸ್ಟಾಪಲ್ಲಿ. ನಾಲ್ಕು ಜನ ನೋಡ್ಬೇಕು. ನಿಲ್ಸಿ, ಬಾಗಿಲು ತೆಗೆದು, ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತೀನಿ."

ಟಪಾಲುವಿನ ಕಣ್ಣು ಒದ್ದೆಯಾಗಿತ್ತು. (ಅಷ್ಟು ಹೊತ್ತಿಗೆ ಬೇರಾವುದೋ ಲಾರಿ ಗುಂಡಿಗೆ ಇಳಿದದ್ದರಿಂದ ಪ್ಯಾಂಟೂ ಒದ್ದೆಯಾಗಿತ್ತು.)

ಕಾರನ್ನು ಎಳೆದು ತಂದು ಮನೆಯ ಮುಂದೆ ಬಿಟ್ಟಾಗ ಹೆಂಡತಿ ಬಾಗಿಲಲ್ಲಿ ನಿಂತು ಎರಡು ನಿಮಿಷ ನೋಡಿದಳು.

"ಏನ್ರೀ ಇದು?"

"ಸಾಹೇಬ್ರ ಕಾರು."

"ಅದು ಗೊತ್ತು. ಇಪ್ಪತ್ತು ವರ್ಷ ಅದು ಎರಚಿದ ಕೆಸರು ಒಗೆದಿದ್ದೀನಿ. ಈಗ ಮನೆಗೇ ಕರ್ಕೊಂಡು ಬಂದ್ರಾ?"

ಮೂಲೆಯ ಗ್ಯಾರೇಜಿನ ಮೇಸ್ತ್ರಿ ಬಂದು ಬಾನೆಟ್ ಎತ್ತಿ ನೋಡಿ, "ಇವು ವಯಸ್ಸಾದ ಮಹಾರಾಣಿಯರು ಯಜಮಾನ್ರೇ, ಕೈಲಾಗದಿದ್ರೂ ದರ್ಪ ಇಳಿಯಲ್ಲ. ನನ್ನ ಹತ್ರ ಬಿಡಿ, ನಿಧಾನಕ್ಕೆ ನೋಡೋಣ," ಎಂದ. ಕಡತಣ್ಣನಿಗೆ ಅವಮಾನವಾಯಿತು. ಮೂವತ್ತು ವರ್ಷ ಕಳೆದುಹೋದ ಕಡತಗಳನ್ನು ಹುಡುಕಿದವನಿಗೆ ಇಂಜಿನ್ನಿನಲ್ಲಿ ಒಂದು ದೋಷ ಹುಡುಕುವುದು ಯಾವ ಮಹಾ ಕೆಲಸ? ಮೊಬೈಲಿನಲ್ಲಿ ವಿಡಿಯೋಗಳಿವೆ, ಭಾನುವಾರಗಳಿವೆ, ಟಾರ್ಚ್ ಹಿಡಿಯಲು ಹೆಂಡತಿಯಿದ್ದಾಳೆ. ಮೇಸ್ತ್ರಿಯನ್ನು ಚಹಾ ಕೂಡ ಕೊಡದೆ ಕಳಿಸಿಬಿಟ್ಟ.

ಮೊದಲು ರಿಪೇರಿ ಮಾಡಿದ್ದು ಹಿಂದಿನ ಸೀಟಿನ ಎಡಗಡೆಯ ಗ್ಲಾಸು. ಇಂಜಿನ್ ಉಸಿರಾಡದ ಕಾರಿಗೆ ಮೊದಲು ಗ್ಲಾಸು ಯಾಕೆ ಎಂದು ಹೆಂಡತಿ ಕೇಳಿದಳು. ಕೇಳುವವರಿಗೇನು, ಕೇಳುತ್ತಾರೆ. ಮೂರು ತಿಂಗಳು ಬಾಗಿಲು ಬಿಚ್ಚಿ, ಮೋಟಾರು ತೊಳೆದು, ಹಳಿಗೆ ಎಣ್ಣೆ ಹಚ್ಚಿದ. ಕೊನೆಗೆ ಬಟನ್ ಒತ್ತಿದರೆ ಗ್ಲಾಸು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಏರಿತು. ಅವತ್ತು ಅಲುಗಾಡದ ಕಾರಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಗ್ಲಾಸನ್ನು ಏರಿಸುತ್ತ ಇಳಿಸುತ್ತ, ಊಟಕ್ಕೆ ಕರೆದರೂ ಇಳಿಯಲಿಲ್ಲ. ಅವನ ಬಾಳಿನಲ್ಲಿ ಅಷ್ಟು ಸುಖದ ಮಧ್ಯಾಹ್ನ ಇನ್ನೊಂದು ಬಂದಿರಲಿಲ್ಲ.

ಆಮೇಲೆ ಇಂಜಿನ್ನಿನ ಪರ್ವ. ಇಲ್ಲಿ ಕಡತಣ್ಣ ತನ್ನ ಕಚೇರಿಯ ವಿದ್ಯೆಯನ್ನೆಲ್ಲ ಧಾರೆ ಎರೆದ. ಬಿಚ್ಚಿದ ಪ್ರತಿಯೊಂದು ಬೋಲ್ಟಿಗೂ ದಾರದಲ್ಲಿ ಒಂದು ಚೀಟಿ, ಚೀಟಿಯಲ್ಲಿ ಕ್ರಮಸಂಖ್ಯೆ, ಕ್ರಮಸಂಖ್ಯೆಗೊಂದು ರಿಜಿಸ್ಟರು. ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಚಾಚೂ ತಪ್ಪದೆ ನಡೆದ ಪದ್ಧತಿ. ದಾಖಲೆ ಕೋಣೆಯಲ್ಲಿ ಕಡತಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ರೂಢಿಯಿಲ್ಲ ಎಂಬುದೊಂದೇ ಮರೆತುಹೋಗಿತ್ತು. ತೊಳೆದು ನೋಡಿದರೆ ನೂರಾ ಎಂಬತ್ತು ಚೀಟಿಗಳೂ ಬೆಳ್ಳಗೆ ಶುಭ್ರ. ರಿಜಿಸ್ಟರು ಮಾತ್ರ ಅಚ್ಚುಕಟ್ಟಾಗಿತ್ತು.

ನೆನಪಿನಿಂದಲೇ ಜೋಡಿಸಿದ. ಪ್ರತಿ ಸಲ ಮುಗಿಸಿದಾಗಲೂ ನಾಲ್ಕೈದು ಬೋಲ್ಟು ಉಳಿಯುತ್ತಿದ್ದವು. ಅವು ಅಡುಗೆಮನೆಯ ಖಾಲಿ ಸಕ್ಕರೆ ಡಬ್ಬಿ ಸೇರುತ್ತಿದ್ದವು.

"ಇವು ಬೇಡ್ವಾ ಕಾರಿಗೆ?" ಎಂದು ಹೆಂಡತಿ ಡಬ್ಬಿ ಅಲ್ಲಾಡಿಸಿ ಕೇಳಿದಳು.

"ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ. ನೀನು ಟಾರ್ಚ್ ಹಿಡಿ. ಇಲ್ಲಿ ಅಂದ್ರೆ ಅಲ್ಲಿ ಹಿಡೀತೀಯಲ್ಲ."

"ನೀವು ಇಲ್ಲಿ ಅಂದಾಗ ನಿಮ್ಮ ಮುಖ ಅಲ್ಲಿತ್ತು."

"ನಾನು ಎಲ್ಲಿ ನೋಡ್ತೀನೋ ಅಲ್ಲಿ ಹಿಡಿ."

"ನೀವು ಎಲ್ಲಿ ನೋಡ್ತಿದ್ದೀರಿ ಅಂತ ಮದುವೆಯಾದಾಗಿಂದ ಹುಡುಕ್ತಾ ಇದ್ದೀನಿ. ಇವತ್ತು ಈ ಟಾರ್ಚಲ್ಲಿ ಸಿಗುತ್ತಾ?"

ಹೀಗೆ ಎರಡು ವರ್ಷ ಉರುಳಿ, ಕಾರೂ ಉರುಳುವ ಹಾಗಾಯಿತು. ಆದರೆ ಕಡತಣ್ಣನ ಕೈಯಲ್ಲಿ ಪುನರ್ಜನ್ಮ ಪಡೆದ ಆ ಕಾರಿಗೆ ಕೆಲವು ನಿಯಮಗಳಿದ್ದವು. ಮುಂದಿನ ಎಡಬಾಗಿಲು ತೆರೆಯುವಂತಿಲ್ಲ. ತೆರೆದರೆ ಕೈಗೇ ಬರುತ್ತದೆ. ಪಕ್ಕದ ಸೀಟು ತೆಗೆದು ಅಲ್ಲಿ ನೀರಿನ ಕ್ಯಾನುಗಳನ್ನು ಇಡಬೇಕು, ಕಾರಿಗೆ ಬಾಯಾರಿಕೆ ಜಾಸ್ತಿ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಹಾರನ್ ತಾನೇ ಕೂಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಬಲಗಾಲು ಎಕ್ಸಲರೇಟರಿನಿಂದ ಸರಿದರೆ ಇಂಜಿನ್ ನಿಲ್ಲುತ್ತದೆ. ಬಿಸಿಯಿರುವಾಗ ನಿಂತರಂತೂ ಎರಡು ಗಂಟೆ ಯಾರಪ್ಪ ಬಂದರೂ ಏಳುವುದಿಲ್ಲ. ಆದ್ದರಿಂದ ಕ್ಲಚ್ಚಿಲ್ಲದ ಆ ಕಾರಿನ ಬ್ರೇಕನ್ನು ಖಾಲಿಯಿರುವ ಎಡಗಾಲಿನಲ್ಲಿ ತುಳಿಯಬೇಕು, ಬಲಗಾಲು ಒತ್ತುತ್ತಲೇ ಇರಬೇಕು. ಅಭ್ಯಾಸವಾಗಿ ಆಗಿ, ಊಟದ ಮೇಜಿನ ಕೆಳಗೂ ಅವನ ಬಲಗಾಲು ಒತ್ತುತ್ತಿತ್ತು.

ಬೀಳ್ಕೊಡುಗೆಗೆ ಒಂದು ವಾರವಿರುವಾಗ ಸಾಹೇಬರ ಹಳೆಯ ಚಾಲಕನನ್ನೇ ಹುಡುಕಿ ಕರೆಸಿದ. ಅವನು ಮುಂದೆ, ತಾನು ಹಿಂದೆ, ಲೆಕ್ಕಾಚಾರ ಅದು. ಚಾಲಕ ಬೀದಿಯ ಕೊನೆಯವರೆಗೆ ಹೋಗುವಷ್ಟರಲ್ಲಿ ಇನ್ನೂ ಬಿಸಿಯೇರದ ಇಂಜಿನ್ನನ್ನು ನಾಲ್ಕು ಸಲ ನಿಲ್ಲಿಸಿದ. ಕೊನೆಗೆ ಇಳಿದು ಬೆವರು ಒರೆಸಿಕೊಂಡ.

"ಇದನ್ನ ಓಡಿಸೋಕೆ ಮೂರು ಕಾಲು ಬೇಕು ಸಾರ್. ನನ್ನ ಕೈಲಾಗಲ್ಲ. ನಿಧಾನ ಮಾಡಿದ್ರೆ ಆಫ್ ಆಗೋ ಚಾಳಿ ಇದಕ್ಕೆ ಮೊದಲಿಂದ್ಲೂ ಇತ್ತು. ಅದಕ್ಕೇ ಆ ಗುಂಡಿ ಹತ್ರ ನಾನು ನಿಲ್ಸ್ತಿರ್ಲಿಲ್ಲ. ಸಾಹೇಬ್ರು ಪಾಪ, 'ಯಾರೋ ನೆನೆದ್ರಲ್ಲಯ್ಯ' ಅಂತ ದಿನಾ ಬೈಯೋರು."

"ಉಪ್ಪು ತಿಂದ ಮನೆಗೋಸ್ಕರ ಸುಳ್ಳು ಹೇಳ್ಲೇಬೇಕು ಬಿಡು," ಎಂದು ಕಡತಣ್ಣ ಅವನನ್ನೂ ಚಹಾ ಕೊಡದೆ ಕಳಿಸಿದ. ಆದರೆ ಅವನು ಹೋದಮೇಲೆ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದ. ಎರಡು ವರ್ಷ ಮೈಮುರಿದು ದುಡಿದದ್ದರ ಫಲವಾಗಿ, ಇಡೀ ಪ್ರಪಂಚದಲ್ಲಿ ಈ ಕಾರನ್ನು ಓಡಿಸಬಲ್ಲವನು ಒಬ್ಬನೇ ಉಳಿದಿದ್ದ. ಅವನು ಹಿಂದಿನ ಸೀಟಿನಲ್ಲಿ ಕೂರುವಂತಿರಲಿಲ್ಲ.

ಆ ದಿನ ಬಂತು. ಬಿಳಿ ಶರ್ಟು ತೊಟ್ಟು ಇಂಜಿನ್ ಹೊತ್ತಿಸಿದರೆ ಒಂದು ಪೈಪು ಸೋರತೊಡಗಿತು. ಎಕ್ಸಲರೇಟರು ಒತ್ತಲು ಹೆಂಡತಿಯನ್ನು ಕೂರಿಸಿ, ಪೈಪು ಬಿಗಿದು ಏಳುವಷ್ಟರಲ್ಲಿ ಕಾಲರಿನಿಂದ ಜೇಬಿನವರೆಗೆ ಕಪ್ಪು ಗ್ರೀಸು.

"ಶರ್ಟ್ ಬದಲಾಯಿಸ್ಕೊಂಡು ಬನ್ನಿ."

"ಆಗಲ್ಲ. ನೀನು ಒತ್ತೋದು ಸರಿಯಿಲ್ಲ, ಆಫ್ ಆಗುತ್ತೆ. ಹಿಂದೆ ಹೋಗಿ ಕೂತ್ಕೋ."

ಮುಂದೆ ಸೀಟೇ ಇಲ್ಲದ್ದರಿಂದ ಅವಳು ಹಿಂದೆ ಕೂತಳು. ಎಡಗಡೆಗೆ, ಗ್ಲಾಸಿನ ಪಕ್ಕಕ್ಕೆ.

ಕಚೇರಿಯ ಗೇಟಿನಲ್ಲಿ ಹೊಸ ಕಾವಲುಗಾರ. ಕಪ್ಪು ಕಾರು ನೋಡಿದವನೇ ಸೆಟೆದು ನಿಂತು ಹಿಂದಿನ ಬಾಗಿಲಿಗೆ ಸೆಲ್ಯೂಟು ಹೊಡೆದ. ಕಡತಣ್ಣ ಮೂವತ್ತು ವರ್ಷ ಒಳಗೆ ಹೊರಗೆ ಓಡಾಡಿದ್ದ ಗೇಟು. ಅಲ್ಲಿ ಜೀವಮಾನದಲ್ಲಿ ಅವನಿಗೆ ಸಲ್ಲಬೇಕಿದ್ದ ಮೊದಲ ಸೆಲ್ಯೂಟು ಹೆಂಡತಿಗೆ ಸಂದಿತು. ಕಾವಲುಗಾರ ಬಾಗಿಲು ತೆರೆದು ಅವಳನ್ನು ಇಳಿಸಿಕೊಂಡು, ಮುಂದಕ್ಕೆ ಬಗ್ಗಿ ನೋಡಿದ.

"ಡ್ರೈವರ್, ಗಾಡಿ ಹಿಂದೆ ಹಾಕು. ಮೇಲೆ ಕಾರ್ಯಕ್ರಮ ಇದೆ, ಡ್ರೈವರ್‌ಗಳು ಹೋಗ್ಬಾರ್ದು."

"ಕಾರ್ಯಕ್ರಮ ನಂದೇ ಕಣಯ್ಯ."

ಕಾವಲುಗಾರ ಗ್ರೀಸು ಮೆತ್ತಿದ ಕಾಲರು ನೋಡಿ ನಕ್ಕ. "ಆಯ್ತಪ್ಪ, ನಿಂದೇ. ಗಾಡಿ ಹಿಂದೆ ಹಾಕು."

"ನೀವು ನಿಲ್ಸಿ ಬನ್ನಿ, ನಾನು ಹೋಗಿ ಕೂತಿರ್ತೀನಿ," ಎಂದು ಹೆಂಡತಿ ಮೆಟ್ಟಿಲು ಹತ್ತಿದಳು.

ಕಟ್ಟಡದ ಹಿಂದೆ ಕಾರು ನಿಂತಿತು. ಬಲಗಾಲು ಒತ್ತಿಕೊಂಡೇ ಕಡತಣ್ಣ ಯೋಚಿಸಿದ. ಆಫ್ ಮಾಡಿ ಮೇಲೆ ಹೋದರೆ ಬೀಳ್ಕೊಡುಗೆ ಸಿಗುತ್ತದೆ, ಆದರೆ ಕಾರು ಏಳುವುದಿಲ್ಲ. ಬಸ್ ಸ್ಟಾಪಿನಲ್ಲಿ ಟಪಾಲು ಕಾದಿರುತ್ತಾನೆ. ಪೆಡಲಿನ ಮೇಲೆ ಜಾಕಿನ ಕಬ್ಬಿಣ ಇಟ್ಟು ಇಳಿಯಲು ನೋಡಿದ. ಇಂಜಿನ್ ಹುಲಿಯಂತೆ ಗರ್ಜಿಸಿ ಕಾವಲುಗಾರ ಕೋಲು ಹಿಡಿದು ಓಡಿಬಂದ. ಮತ್ತೆ ಕೂತ. ಇನ್ನೈದು ನಿಮಿಷ, ಇನ್ನೈದು ನಿಮಿಷ ಎನ್ನುತ್ತ ಒಂದು ಗಂಟೆ ಕೂತ.

ಮೇಲಿನ ಸಭಾಂಗಣದ ಕಿಟಕಿ ತೆರೆದಿತ್ತು. ಮೈಕಿನಲ್ಲಿ ಈಗಿನ ಸಾಹೇಬರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಇವರು ಎಂತಹ ಸಜ್ಜನರೆಂದರೆ, ಮೂವತ್ತು ವರ್ಷ ಇಲ್ಲಿ ಇದ್ದಾರೋ ಇಲ್ಲವೋ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಇವತ್ತೂ ಹಾಗೆಯೇ." ಜೋರು ನಗು. ಆಮೇಲೆ ಹೆಂಡತಿಯ ದನಿ: "ಅವರು ಕೆಳಗಿದ್ದಾರೆ. ಭಾನುವಾರ ಕಾರಿನ ಕೆಳಗಿರ್ತಾರೆ, ಇವತ್ತು ಕಟ್ಟಡದ ಕೆಳಗೆ, ಅಷ್ಟೇ ವ್ಯತ್ಯಾಸ." ಇನ್ನೂ ಜೋರು ನಗು, ಚಪ್ಪಾಳೆ. ಕಡತಣ್ಣ ನಗಲಿಲ್ಲ. ಅವನಿಗೆ ಅಳು ಬಂದಿತ್ತು, ಆದರೆ ಅಳುವಾಗ ಕಾಲು ಸಡಿಲವಾಗುತ್ತದೆಂದು ತಡೆದುಕೊಂಡ.

ಹೆಂಡತಿ ಉಡುಗೊರೆಯಾಗಿ ಕೊಟ್ಟ ಗೋಡೆ ಗಡಿಯಾರ ಎದೆಗವಚಿಕೊಂಡು ಇಳಿದು ಬಂದಳು. ಕಾವಲುಗಾರ ಮತ್ತೆ ಹಿಂದಿನ ಬಾಗಿಲು ತೆರೆದ.

"ಬೇಗ ಕೂತ್ಕೋ. ಬಿಸಿ ತೋರ್ಸೋ ಮುಳ್ಳು ನೋಡು, ಕೆಂಪಿಗೆ ಹೋಗಿದೆ. ನಿಂತಲ್ಲೇ ಉರಿದು ಇಂಜಿನ್ ಕಾದ ಹೆಂಚಾಗಿದೆ. ಗಾಳಿ ಸಿಕ್ಕಿದ್ರೆ ಸರಿಹೋಗುತ್ತೆ."

"ಚಹಾ ಚೆನ್ನಾಗಿತ್ತು ಕಣ್ರೀ," ಎಂದು ಅವಳು ಒರಗಿ ಕೂತು, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಳ್ಳಲು ಕಾಲಮೇಲೆ ಕಾಲು ಹಾಕಿದಳು. ಸೆಕೆಯೆಂದು ಗ್ಲಾಸು ಇಳಿಸಿದಳು.

ಗೇಟು ದಾಟಿದರೆ ನೂರು ಹೆಜ್ಜೆ. ಬಸ್ ಸ್ಟಾಪಿನಲ್ಲಿ ಏಳೆಂಟು ಜನ. ಎಲ್ಲರಿಗಿಂತ ಮುಂದೆ, ಗುಂಡಿಯ ಅಂಚಿನಲ್ಲೇ ಟಪಾಲು. ತಿಳಿನೀಲಿ ಬಣ್ಣದ ಹೊಸ ಶರ್ಟು, ಇಸ್ತ್ರಿಯ ಗೆರೆ ದೂರಕ್ಕೂ ಕಾಣುತ್ತಿತ್ತು. ತಲೆ ಬಾಚಿಕೊಂಡಿದ್ದ. ಕಾರು ಕಂಡು ಪಕ್ಕದವರಿಗೆ ಏನೋ ಹೇಳಿ, ನಗುತ್ತ ಕೈ ಅಡ್ಡ ಚಾಚಿದ.

ಕಡತಣ್ಣ ಎಡಗಾಲನ್ನು ಬ್ರೇಕಿನ ಮೇಲಿಟ್ಟ. ಕಾರು ನಿಧಾನವಾಯಿತು. ಇಂಜಿನ್ ಒಮ್ಮೆ ಕೆಮ್ಮಿತು. ಮರುಕ್ಷಣವೇ, ಅವನನ್ನು ಕೇಳದೆ, ಎರಡು ವರ್ಷ ಪಳಗಿದ ಅವನ ಬಲಗಾಲು ಪೂರ್ತಿ ಒತ್ತಿತು.

ಸರ್ರನೆ ನೀರು ಹಾರಿತು. ಹಿಂದಿನ ಸೀಟಿನ ಗ್ಲಾಸು ಚೂರೂ ಸದ್ದಿಲ್ಲದೆ ಮೇಲೇರಿತು.

ಕನ್ನಡಿಯಲ್ಲಿ ಟಪಾಲು ಚಿಕ್ಕದಾಗುತ್ತಿದ್ದ. ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಅವರು ನಿಮ್ಮ ಟಪಾಲು ಅಲ್ವೇನ್ರೀ?"

"ಹೂಂ."

"ನಿಲ್ಸೋಕಾಗ್ಲಿಲ್ವಾ?"

"ನಿಧಾನ ಮಾಡಿದ್ರೆ ಆಫ್ ಆಗುತ್ತೆ."

ಹೆಂಡತಿ ಹಿಂದಿನ ಗಾಜಿನಿಂದ ಬಹಳ ಹೊತ್ತು ನೋಡುತ್ತಿದ್ದಳು. "ಪಾಪ, ಹೊಸ ಶರ್ಟು. ಅವರ ಹೆಂಡತಿ ಇನ್ನೆಷ್ಟು ಸೋಪು ಹಾಕ್ಬೇಕೋ," ಎಂದಳು.

ಕಡತಣ್ಣ ಮನೆಯ ಕಡೆಗೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಹಾರನ್ ಕೂಗತೊಡಗಿತು.