ಬಿಸಿಲಿಗೊಂದು ಗವಸು

ಹೊಸ ವಸ್ತು ಕಂಡರೆ ಗವಸು ಹೊಲಿಯದೆ ದರ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ. ಹೊಸ ಮನೆಯ ಮೇಲಿನ ಸೋಲಾರ್ ಪ್ಯಾನೆಲ್‌ಗಳಿಗೂ, ಧೂಳು ಕೂರದಿರಲೆಂದು, ದಪ್ಪ ಬಟ್ಟೆಯ ಗವಸು ಹಾಕಿ ತಿಂಗಳಾಗಿತ್ತು.

ನಿಯಮವೋ ಬೇರೆ. ತಪಾಸಣೆಯ ಹೊತ್ತಿಗೆ ಸೋಲಾರ್ ಮೀಟರು ಐದು ಯೂನಿಟ್ಟಾದರೂ ತೋರಿಸಬೇಕು. ಇಲ್ಲದಿದ್ದರೆ ಹೊಸ ಮನೆಯಲ್ಲಿ ವಾಸಿಸುವಂತಿಲ್ಲ. ತಪಾಸಣೆ ಇಂದು ನಾಲ್ಕಕ್ಕೆ. ಬಾಡಿಗೆ ಮನೆ ಬೆಳಿಗ್ಗೆಯೇ ಖಾಲಿಯಾಗಿತ್ತು. ಹೊಸ ಮನೆಯ ಬಾಗಿಲೆದುರು ಸಾಮಾನಿನ ಗಾಡಿ. ಅದರಲ್ಲಿ, ಸುತ್ತಿದ ಹಾಸಿಗೆಗೆ ಒರಗಿ, ಅವನ ಅಮ್ಮ.

ಮೀಟರಿನಲ್ಲಿ ಸೊನ್ನೆ.

ದರ್ಜಿಗೆ ಗವಸು ನೆನಪಾಯಿತು. ಯಾರಿಗೂ ಹೇಳದೆ ಏಣಿ ಹತ್ತಿ ಗವಸು ಕಿತ್ತು ಎಸೆದ. ಅದು ಪಕ್ಕದ ಮನೆಯ, ಬೀದಿಗೆಲ್ಲ ಅತ್ತೆಯಾದವರ ಹಿತ್ತಿಲಲ್ಲಿ ಬಿತ್ತು. ಕೇಳಲು ನಾಚಿಕೆ, ಬಿಟ್ಟುಬಿಟ್ಟ.

ಮಧ್ಯಾಹ್ನಕ್ಕೆ ಮೂರು ಯೂನಿಟ್ಟಾಯಿತು. ಆಮೇಲೆ ಮೀಟರು ಮುನಿಸಿಕೊಂಡ ಅಳಿಯನಂತೆ ಜಪ್ಪಯ್ಯ ಅಂದರೂ ಕದಲಲಿಲ್ಲ.

"ನೆರಳು ಕಣಯ್ಯಾ! ಮೇಷ್ಟ್ರ ಮರದ್ದು!" ಎಂದ ಎದುರು ಮನೆಯ ಬಡಗಿ, ಆಗಲೇ ಗರಗಸ ಹಿಡಿದು. "ಏಣಿ ಕೊಡು ಇಲ್ಲಿ."

ಇನ್ನೊಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಮ್ಮ ಗೇಟಿಗೆ ಬಂದರು. ಆ ಮರ ಅವರು ಮಗಳು ಹುಟ್ಟಿದ ವರ್ಷ ನೆಟ್ಟದ್ದು. ಮರ ನೋಡಿದರು, ಗಾಡಿಯಲ್ಲಿದ್ದ ಮುದುಕಿಯನ್ನು ನೋಡಿದರು.

"ಕಡೀರಿ. ಮನೆ ಮುಖ್ಯ."

ಬೆಳಗಿನವರೆಗೂ ಗವಸಿತ್ತು ಎನ್ನಲು ದರ್ಜಿ ಬಾಯಿ ತೆರೆದ. ನಾಚಿ, ಬಡಗಿಗೆ ಏಣಿ ಹಿಡಿದ. ದೊಡ್ಡ ಕೊಂಬೆ ಉರುಳಿತು. ಅಂಗಳಕ್ಕೆ ಬಿಸಿಲು ನುಗ್ಗಿತು. ಮೀಟರಿನಲ್ಲಿ ಅದೇ ಮೂರು.

ನಾಲ್ಕಕ್ಕೆ ಸರಿಯಾಗಿ ಬಂದ ಇನ್‌ಸ್ಪೆಕ್ಟರು ಮೀಟರು ನೋಡಿ, ಏಣಿ ಹತ್ತಿದರು.

"ಹೊಲಿಗೆ ಅಚ್ಚುಕಟ್ಟಾಗಿದೆ," ಎಂದರು ಮೇಲಿನಿಂದ. "ಆದ್ರೆ ಇದನ್ನ ಹೊದಿಸಿದ್ರೆ ಕರೆಂಟು ಹೇಗ್ರೀ ಬರುತ್ತೆ?"

ಪಕ್ಕದ ಮಾಳಿಗೆಯಿಂದ ಅತ್ತೆ ಇಣುಕಿದರು. "ಗಾಳಿಗೆ ಹಾರಿ ನಮ್ಮ ಹಿತ್ತಿಲಿಗೆ ಬಂದಿತ್ತು ಕಣಪ್ಪಾ. ಮಣ್ಣಾಗಿತ್ತು, ಒಗೆದೆ. ಒಣಗ್ಲಿ ಅಂತ ಮಧ್ಯಾಹ್ನ ಇಲ್ಲಿಂದಲೇ ದಾಟಿಬಂದು ಅದರ ಜಾಗಕ್ಕೇ ಹಾಕಿದೆ. ದಾರಾನೂ ಬಿಗಿದಿದೀನಿ, ಇನ್ನು ಹಾರೋಲ್ಲ."

ಇನ್‌ಸ್ಪೆಕ್ಟರು ಇಳಿದು, ಒಂದು ತಿಂಗಳ ನಂತರದ ತಾರೀಖು ಬರೆದುಕೊಟ್ಟು ಹೋದರು.

ದರ್ಜಿ ತಲೆ ಎತ್ತಲಿಲ್ಲ. ಮೇಷ್ಟ್ರು ಕೊಂಬೆಯನ್ನು ದಾಟಿ ಗಾಡಿಯ ಹತ್ತಿರ ಹೋಗಿ ಅಮ್ಮನಿಗೆ ಕೈ ಚಾಚಿದರು.

"ಇಳೀರಿ ಅಮ್ಮ. ಒಂದು ತಿಂಗಳು ನಮ್ಮನೇಲೇ ಇರಿ, ಎಲ್ಲರೂ." ಆಮೇಲೆ ದರ್ಜಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸ್ವಲ್ಪ ಸೆಕೆಯಾಗುತ್ತೆ. ನೆರಳಿಲ್ಲ ನೋಡು."